ಕ್ಲಂಬರ್ ಪಾರ್ಕ್: ಅರಮನೆ ಕೆಡವಿದ್ದು 1938ರಲ್ಲಿ, ತೋಟ ಇವತ್ತಿಗೂ ಇದೆ. ಹೋಗಿಬಂದವರು ಏನಂತೀರಿ?

ಅಡಿಕೆಸಾಲು, ಶೆಫೀಲ್ಡ್

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದು ಒಂದು ತಿಂಗಳಾಯ್ತು. ಹೋದ ಭಾನುವಾರ ಅವರನ್ನು ನಾಟಿಂಗ್‌ಹ್ಯಾಮ್‌ಶೈರಿನ ಕ್ಲಂಬರ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ನ್ಯೂಕಾಸಲ್‌ನ ಡ್ಯೂಕ್ ಮನೆತನದವರ ಜಾಗ, ದೊಡ್ಡ ಅರಮನೆ ಇತ್ತು ಅಂತ ಕಾರಲ್ಲೇ ಹೇಳಿದ್ದೆ. "ಇತ್ತು" ಅಂದದ್ದು ಅಪ್ಪನ ಕಿವಿಗೆ ಬೀಳಲಿಲ್ಲ ಅಂತ ಕಾಣುತ್ತೆ.

ಆಪ್ಲಿಹೆಡ್ ಗೇಟು ದಾಟಿದ ಕೂಡಲೇ ಲೈಮ್ ಮರಗಳ ಸಾಲು ಶುರು. ಈ ಲೈಮ್‌ಗೂ ನಮ್ಮ ನಿಂಬೆಗೂ ಸಂಬಂಧ ಇಲ್ಲ. ಎಲೆ ಹೃದಯದಾಕಾರ, ಮರ ಮುಗಿಲೆತ್ತರ. ರಸ್ತೆಯ ಆ ಬದಿಗೆ ಎರಡು ಸಾಲು, ಈ ಬದಿಗೆ ಎರಡು ಸಾಲು, ಸುಮಾರು ಎರಡು ಮೈಲಿ ಉದ್ದಕ್ಕೂ ಹಾಗೇ. ಅಡಿಕೆ ತೋಟ ಮಾಡಿದವರಿಗೆ ಸಾಲು ಕಂಡರೆ ಸುಮ್ಮನಿರೋಕೆ ಆಗಲ್ಲ. ಅಪ್ಪ ಕಾರು ನಿಧಾನ ಮಾಡಿಸಿ, ಎಲ್ಲಿ ಒಂದು ಮರ ಸತ್ತು ಹೊಸ ಸಸಿ ಹಾಕಿದ್ದಾರೆ, ಎಲ್ಲಿ ಬುಡದಲ್ಲಿ ಚಿಗುರು ಬಿಟ್ಟಿದ್ದಾರೆ ಅಂತ ನೋಡುತ್ತಾ ಬಂದರು.

ಚರ್ಚಿನ ಹತ್ತಿರ ಇಳಿದೆವು. ಮುಂದೆ ಕೆರೆ, ದಂಡೆಯ ಮೇಲೆ ಅಗಲವಾದ ಹುಲ್ಲುಹಾಸು. ಅಪ್ಪ ಸುತ್ತ ನೋಡಿ, "ಅರಮನೆ ಎಲ್ಲಿದೆಯೋ?" ಅಂದರು. "ನೀವೀಗ ನಿಂತಿರೋದೇ ಅರಮನೆ ಒಳಗೆ" ಅಂದೆ. ನೆಲದ ಮೇಲೆ ಗೋಡೆಗಳ ಗುರುತು ಮಾಡಿದ್ದಾರಲ್ಲ, ಅದನ್ನು ತೋರಿಸಿದೆ. ಅಪ್ಪ ಥಟ್ಟನೆ ಪಕ್ಕಕ್ಕೆ ಸರಿದರು, ಯಾರದೋ ನಡುಮನೆಗೆ ಚಪ್ಪಲಿ ಮೆಟ್ಟಿಕೊಂಡು ಬಂದವರ ಹಾಗೆ.

ಅಮ್ಮ ಕೇಳಿದ ಮಾತು ಮಾತ್ರ ಅವತ್ತಿಂದ ತಲೆಯಲ್ಲೇ ಇದೆ. "ಮನೆಯೇ ಇಲ್ಲ ಅಂದ ಮೇಲೆ ಇಷ್ಟು ದೊಡ್ಡ ಅಂಗಳ ಗುಡಿಸೋದು ಯಾರಿಗೆ?"

ಯಾಕೆ ಕೆಡವಿದರು, ಇಷ್ಟು ಜಾಗ ಹೇಗೆ ಉಳಿಯಿತು, ಮತ್ತೆ ಕಟ್ಟಬಹುದಿತ್ತಾ? ಬಲ್ಲವರು ಹೇಳಿ. ಇನ್ನೊಂದು: ಲೈಮ್ ಮರಗಳ ಕಾಂಡಕ್ಕೆ ಎದೆಯೆತ್ತರದಲ್ಲಿ ಕಪ್ಪು ಪಟ್ಟಿ ಇದೆಯಲ್ಲ, ಅದೇನು? ಅಪ್ಪ ಹತ್ತು ಸಲ ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ.

ಟ್ರೆಂಟ್‌ದಂಡೆ, ನಾಟಿಂಗ್‌ಹ್ಯಾಮ್

ನಿಮ್ಮ ತಂದೆಯವರು ಪಕ್ಕಕ್ಕೆ ಸರಿದದ್ದು ಓದಿ ಮನಸ್ಸು ತುಂಬಿ ಬಂತು. ನನಗೆ ತಿಳಿದಷ್ಟು ಹೇಳ್ತೀನಿ.

ಇದು ಮೂಲದಲ್ಲಿ ಶೇರ್‌ವುಡ್ ಕಾಡಿನ ಭಾಗ. 1707ರಲ್ಲಿ ಬೇಲಿ ಹಾಕಿ ಬೇಟೆಯ ಉದ್ಯಾನ ಮಾಡಿದರು. ಸುತ್ತಮುತ್ತ ವೆಲ್‌ಬೆಕ್, ಥೋರ್ಸ್‌ಬಿ, ವರ್ಕ್‌ಸಾಪ್ ಮ್ಯಾನರ್ ಎಲ್ಲವೂ ಇಂಥದೇ ದೊಡ್ಡ ಮನೆತನಗಳ ಸೊತ್ತು. ಅದಕ್ಕೇ ಈ ಸೀಮೆಗೆ ಡ್ಯೂಕರೀಸ್ ಅನ್ನೋ ಹೆಸರು ಬಂತು. ಅರಮನೆ ಎದ್ದದ್ದು 1760ರ ದಶಕದಲ್ಲಿ, ವಾಸ್ತುಶಿಲ್ಪಿ ಸ್ಟೀಫನ್ ರೈಟ್. ಕೆರೆ ತನ್ನಷ್ಟಕ್ಕೆ ತಾನೇ ಆದದ್ದಲ್ಲ. ಪೌಲ್ಟರ್ ಅನ್ನೋ ಸಣ್ಣ ಹೊಳೆಗೆ ಕಟ್ಟೆ ಹಾಕಿ, ಹದಿನೈದು ವರ್ಷದ ಹತ್ತಿರ ಕೆಲಸ ಮಾಡಿ, ಎಂಬತ್ತೇಳು ಎಕರೆಗೆ ನೀರು ನಿಲ್ಲಿಸಿದರು. ನೋಡಿದರೆ ನದಿಯೇ ಬಳಸಿಕೊಂಡು ಹೋದ ಹಾಗೆ ಕಾಣುತ್ತೆ, ಅದೇ ಅವರ ಉದ್ದೇಶ.

1879ರಲ್ಲಿ ಮನೆಗೆ ಬೆಂಕಿ ಬಿದ್ದು ನಡುಭಾಗ ಹೋಯಿತು. ಚಾರ್ಲ್ಸ್ ಬ್ಯಾರಿ ಕಿರಿಯರು ಮತ್ತೆ ಕಟ್ಟಿದರು. 1912ರಲ್ಲಿ ಇನ್ನೊಮ್ಮೆ ಬೆಂಕಿ. ಅಷ್ಟರಲ್ಲಿ ದೇಶದಲ್ಲಿ ಲೆಕ್ಕವೇ ಬದಲಾಗಿತ್ತು. ಯಜಮಾನ ತೀರಿಕೊಂಡರೆ ಆಸ್ತಿಯ ಮೇಲೆ ತೆರಿಗೆ ಅನ್ನೋದು 1894ರಲ್ಲಿ ಬಂತು, 1919ರ ಹೊತ್ತಿಗೆ ತೀರಾ ದೊಡ್ಡ ಆಸ್ತಿಗಳಿಗೆ ಅದು ನೂರಕ್ಕೆ ನಲವತ್ತು. ಕೆಲಸದವರಿಗೆ ಸಂಬಳ ಕೊಟ್ಟು, ಮಾಡು ಸೋರದಂತೆ ನೋಡಿಕೊಂಡು ಇಂಥ ಮನೆ ನಡೆಸೋದು ಯಾರ ಕೈಲೂ ಆಗದ ಮಾತಾಯ್ತು. 1937ರಲ್ಲಿ ಸಾಮಾನು, ಗ್ರಂಥಾಲಯ ಎಲ್ಲ ಹರಾಜಿಗೆ ಬಂತು. 1938ರಲ್ಲಿ ಮನೆ ಕೆಡವಿದರು. ಚಿಕ್ಕದೊಂದು ಮನೆ ಕಟ್ಟಿಕೊಳ್ಳೋ ಯೋಚನೆ ಇತ್ತು, ಅಷ್ಟರಲ್ಲಿ ಯುದ್ಧ ಶುರುವಾಯ್ತು. ಉದ್ಯಾನವೆಲ್ಲ ಸೈನ್ಯದ ಮದ್ದುಗುಂಡಿನ ಉಗ್ರಾಣವಾಯಿತು.

1946ರಲ್ಲಿ ನ್ಯಾಷನಲ್ ಟ್ರಸ್ಟ್, ಅಂದರೆ ಹಳೆ ಮನೆ, ತೋಟಗಳನ್ನು ಕಾಪಾಡುವ ಸಂಸ್ಥೆ, ಕೊಂಡುಕೊಂಡಿತು. ಜನ ವಂತಿಗೆ ಕೊಟ್ಟರು, ಸುತ್ತಲಿನ ಊರುಗಳ ಆಡಳಿತದವರೂ ಕೈಜೋಡಿಸಿದರು. ಒಟ್ಟು 3,800 ಎಕರೆ.

ನೀವು ಚಹಾ ಕುಡಿದಿದ್ದರೆ ಬಹುಶಃ ಅರಮನೆಯೊಳಗೇ ಕುಡಿದಿದ್ದೀರಿ. ಡ್ಯೂಕ್‌ನ ಓದುಕೋಣೆ ಒಂದು ಉಳಿದಿದೆ, ಅದೇ ಈಗಿನ ಕೆಫೆ.

ಹೇಮಾವತಿ

3,800 ಎಕರೆ ಅಂದರೆ ಹೆಚ್ಚುಕಮ್ಮಿ ಹದಿನಾರು ಲಾಲ್‌ಬಾಗ್! ನಿವೇಶನ ಮಾಡಿ ಮಾರದೇ ಬಿಟ್ಟರಲ್ಲ, ಅದೇ ದೊಡ್ಡದು ನನಗೆ.

ಘಟಪ್ರಭಾ, ಡಾರ್ಬಿ

ನಾ 2018ರ ಬ್ಯಾಸಗಿಯೊಳಗ ಅಲ್ಲಿ ಹೋಗಿದ್ದೆ ನೋಡ್ರಿ. ಆ ವರ್ಷ ಜೂನ್ ಜುಲೈದಾಗ ಈ ದೇಶದಾಗ ಮಳಿ ಅನ್ನೂದ ಮರತ್ಹೋಗಿತ್ತು. ಹಸರ ಹುಲ್ಲೆಲ್ಲ ಒಣಗಿ, ನಮ್ಮ ಕಡೆ ಸುಗ್ಗಿ ಮುಗದ ಮ್ಯಾಲ ಹೊಲ ಇರತಾವಲ್ಲ, ಹಂಗ ಆಗಿತ್ತು. ಆಗ ಆ ಅರಮನಿ ತಾನಽ ಮ್ಯಾಲೆ ಎದ್ದು ಬಂತ್ರಿ. ಗ್ವಾಡಿ, ಖೋಲಿ, ಪಡಸಾಲಿ ಎಲ್ಲಾದರದೂ ಗೆರಿ ಹುಲ್ಲಿನ ಮ್ಯಾಲ ಮೂಡಿತ್ತು. ಡ್ರೋನ್ ಹಾರಿಸಿ ತಗದ ಫೋಟೋ ಸುದ್ದಿಯೊಳಗೂ ಬಂದ್ವು.

ನನಗ ಅದು ಹೊಸಾದಲ್ಲ. ನಮ್ಮ ಹೊಲದಾಗ ಒಂದು ಕಡೆ ಹಳೇ ಕಟ್ಟಡದ ಬುನಾದಿ ಐತಿ. ಮಳಿ ಕೈಕೊಟ್ಟ ವರ್ಷ ಅಲ್ಲಿ ಜ್ವಾಳ ಮೊದಲ ಬಾಡತೈತಿ. ಕೆಳಗ ಕಲ್ಲಿದ್ದಲ್ಲಿ ಮಣ್ಣು ತೆಳು, ಬೇರಿಗೆ ನೀರು ಸಿಗೂದಿಲ್ಲ. ಹಳೇ ಕಾಲುವೆ, ತಗ್ಗು ಮುಚ್ಚಿದ್ದಲ್ಲಿ ಉಲ್ಟಾ, ಅಲ್ಲಿ ಮಣ್ಣು ದಪ್ಪ, ಹಸಿರು ಕಡೀತನಕ ಇರತೈತಿ. ನಮ್ಮಜ್ಜ ಬರೇ ಬೆಳಿ ನೋಡಿ "ಇಲ್ಲಿ ಗ್ವಾಡಿ ಐತಿ, ಇಲ್ಲಿ ಹಗೇವು ಇತ್ತು" ಅಂತ ಹೇಳತಿದ್ದ. ಅವತ್ತ ಕ್ಲಂಬರಿನ್ಯಾಗ ನಿಂತು ಆ ಗೆರಿ ನೋಡಕೋತ ನನಗ ಅಜ್ಜನ ನೆನಪಽ ಆತು. ಅಂವಾ ಇದ್ದಿದ್ರ ಅಡಗಿಮನಿ ಯಾವ ಕಡೆ ಅಂತನೂ ಹೇಳತಿದ್ದ.

ಅಡಿಕೆಸಾಲು, ಶೆಫೀಲ್ಡ್

ಅಣ್ಣಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಕಲ್ಲುಗಾರೆ, ಲೀಡ್ಸ್

ನಾನು ಹಳೆ ಕಟ್ಟಡ ದುರಸ್ತಿ ಮಾಡುವ ಕೆಲಸದಲ್ಲಿದ್ದೇನೆ. "ಮತ್ತೆ ಕಟ್ಟಬಹುದಿತ್ತಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ, ಬೇಡ.

ಯಾವ ಅರಮನೆ ಕಟ್ಟೋದು ಹೇಳಿ? ಸ್ಟೀಫನ್ ರೈಟ್ ಕಟ್ಟಿದ್ದರಲ್ಲಿ ದೊಡ್ಡ ಭಾಗ 1879ರಲ್ಲೇ ಸುಟ್ಟಿತು. 1938ರಲ್ಲಿ ಕೆಡವಿದ ಮನೆಯಲ್ಲಿ ಅರ್ಧಕ್ಕರ್ಧ ಬ್ಯಾರಿಯವರದು. ಒಳಗಿನ ಪುಸ್ತಕ, ಚಿತ್ರ, ಮರದ ಸಾಮಾನು ಹತ್ತು ದಿಕ್ಕಿಗೆ ಹಂಚಿಹೋಗಿವೆ. ಹೊಸ ಕಲ್ಲಲ್ಲಿ ಒಂದು ಮನೆ ಎಬ್ಬಿಸಿದರೆ ಅದು ನೆನಪಲ್ಲ, ಬೊಂಬೆ.

ಆದರೆ ಇರುವುದು ಮುರಿದರೆ ಕೂಡಿಸಲೇಬೇಕು. ಕೆರೆಯ ಮೇಲೆ ಒಂದು ಸೇತುವೆ ಇದೆಯಲ್ಲ, ಮೂರು ಕಮಾನಿನದು, ಅದೂ ರೈಟ್ ಅವರದೇ ಕೆಲಸ. 2018ರ ಮಾರ್ಚಿನಲ್ಲಿ ಒಂದು ಕಾರು ನುಗ್ಗಿಸಿ ಅದರ ಕಟಾಂಜನವನ್ನು ಒಡೆದು ಹಾಕಿದರು, ಕಾರಿಗೆ ಬೆಂಕಿಯೂ ಹಚ್ಚಿದ್ದರು. ಸುದ್ದಿ ಕೇಳಿ ನಾನು ಅವತ್ತು ಊಟ ಮಾಡಲಿಲ್ಲ. ಇನ್ನೂರೈವತ್ತು ವರ್ಷ ನಿಂತಿದ್ದ ಕಲ್ಲು ನೀರಿಗೆ ಬಿದ್ದಿತ್ತು. ಅದನ್ನು ಸರಿಮಾಡಿದ್ದಾರೆ. ಈಗ ಹೋದರೆ ಕಟಾಂಜನದ ಗುಂಡುಕಂಬಗಳ ಮೇಲೆ ಕೈ ಇಟ್ಟು ನಡೆದು ನೋಡಿ. ಹೊಸ ಕಲ್ಲು ನುಣುಪು, ಅಂಚು ಚೂಪು. ಹಳೆಯದಕ್ಕೆ ಮಳೆ ತಿಂದ ಸಣ್ಣ ಗುಳಿಗಳಿವೆ, ಪಾಚಿ ಹಿಡಿದಿದೆ. ಕಣ್ಣು ಮುಚ್ಚಿಕೊಂಡರೂ ಎಲ್ಲಿಂದ ಎಲ್ಲಿಯವರೆಗೆ ಪೆಟ್ಟು ಬಿದ್ದಿತ್ತು ಅಂತ ಕೈಗೆ ತಿಳಿಯುತ್ತೆ. ಒಳ್ಳೆಯ ದುರಸ್ತಿ ಅಂದರೆ ನನ್ನ ಪ್ರಕಾರ ಅದೇ.

ಚರ್ಚನ್ನು ಯಾರೂ ಎತ್ತಲಿಲ್ಲ ಇಲ್ಲಿ. 1889ರಲ್ಲಿ ಮುಗಿದದ್ದು, ಜಿ. ಎಫ್. ಬಾಡ್ಲಿ ಅವರ ವಿನ್ಯಾಸ, ಬಿಳಿ ಕಲ್ಲು ಮತ್ತು ಕೆಂಪು ಮರಳುಗಲ್ಲು, ಶಿಖರ ಸುಮಾರು 180 ಅಡಿ. ಮನೆಯವರ ಪ್ರಾರ್ಥನೆಗೆ ಅಂತ ಕಟ್ಟಿದ ಗುಡಿ ಇದು, ಗಾತ್ರದಲ್ಲಿ ಒಂದು ಪಟ್ಟಣಕ್ಕೆ ಸಾಕು. ಮನೆ ಹೋದ ಮೇಲೆ ಇಡೀ ಬಯಲಿಗೆ ಅದೇ ಗುರುತಿನ ಕಂಬ.

ಉರಿಗಾಂ

ನಾನು ಕೆಜಿಎಫ್‌ನವನು, ತಾತ ಗಣಿಯಲ್ಲಿದ್ದವರು. ಈ ಎಳೆಯಲ್ಲಿ ಡ್ಯೂಕ್ ಮನೆತನದ ಬಗ್ಗೆ ಸ್ವಲ್ಪ ಹೆಚ್ಚೇ ಮರುಕ ಕಾಣ್ತಿದೆ, ಅದಕ್ಕೆ ಬರೀತಿದ್ದೀನಿ.

ಈ ಲೈಮ್ ಸಾಲು ನೆಡಿಸಿದ ನಾಲ್ಕನೇ ಡ್ಯೂಕ್ ಯಾರು ಗೊತ್ತಾ? 1829ರಲ್ಲಿ ನ್ಯೂವಾರ್ಕ್ ಚುನಾವಣೆಯಲ್ಲಿ ತನ್ನ ಅಭ್ಯರ್ಥಿಗೆ ವೋಟು ಹಾಕದ ಒಕ್ಕಲುಗಳನ್ನು ಮನೆ ಬಿಡಿಸಿದವನು. ಕೇಳಿದವರಿಗೆ, ನನ್ನ ಸೊತ್ತನ್ನು ನಾನು ಬೇಕಾದ ಹಾಗೆ ಮಾಡಿಕೊಳ್ಳೋಕೆ ಹಕ್ಕಿಲ್ಲವಾ ಅಂತ ತಿರುಗಿ ಕೇಳಿದವನು. ಇನ್ನಷ್ಟು ಜನಕ್ಕೆ ಮತದ ಹಕ್ಕು ವಿಸ್ತರಿಸುವ ಮಸೂದೆಗೆ ಅಡ್ಡ ನಿಂತವನು. 1831ರ ಅಕ್ಟೋಬರಿನಲ್ಲಿ ಆ ಮಸೂದೆ ಮೇಲ್ಮನೆಯಲ್ಲಿ ಬಿದ್ದಾಗ ನಾಟಿಂಗ್‌ಹ್ಯಾಮಿನ ಜನ ಅವನ ಕೋಟೆಗೇ ಬೆಂಕಿ ಇಟ್ಟರು. ಆ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಇನ್ನೊಂದು. ಆ ಚಂದದ ಕೆರೆಯ ಕೆಳಗೆ ಕಲ್ಲಿದ್ದಲು. ಗಣಿ ಅಗೆದು ನೆಲ ಕುಸಿದು ಕೆರೆಗೂ ಪೆಟ್ಟಾಯಿತು, 1980ರ ದಶಕದಲ್ಲೂ ಆಗಿದೆ. ನೆಲ ಕುಸಿಯೋದು ಅಂದರೆ ಏನು ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ತಾತ ರಾತ್ರಿ ಹೊತ್ತು ಭೂಮಿ ಒಳಗಿಂದ ಗುಡುಗಿದ ಸದ್ದಿನ ಕತೆ ಹೇಳ್ತಿದ್ದರು. ಕ್ಲಂಬರಿನ ಕೆರೆ ದಂಡೆಯಲ್ಲಿ ನಿಂತಾಗ ನನಗೆ ಕಾಣೋದು ಕೆಳಗೆ ಕೆಲಸ ಮಾಡಿದವರು.

ಉದ್ಯಾನ ಉಳಿಯಲಿ, ಚೆನ್ನಾಗಿರಲಿ. ಅದು ಜನ ವಂತಿಗೆ ಹಾಕಿ ಪಡೆದುಕೊಂಡ ಜಾಗ ಅನ್ನೋದು ಮಾತ್ರ ಮರೆಯೋದು ಬೇಡ.

ಟ್ರೆಂಟ್‌ದಂಡೆ, ನಾಟಿಂಗ್‌ಹ್ಯಾಮ್

ಉರಿಗಾಂ ಅವರೇ, ನೀವು ಹೇಳಿದ್ದು ಸರಿ. ಇದನ್ನು ನಾನೇ ಬರೆಯಬೇಕಿತ್ತು. ಆ ಒಕ್ಕಲುಗಳ ಮರಿಮಕ್ಕಳ ಮಕ್ಕಳು ಇವತ್ತು ಅದೇ ಸಾಲಿನ ಕೆಳಗೆ ಸೈಕಲ್ ಹೊಡೆಯುತ್ತಿರಬಹುದು.

ಗುದ್ದಲಿ

ನಾನು ಕ್ಲಂಬರಿನ ತರಕಾರಿ ತೋಟದಲ್ಲಿ ಸ್ವಯಂಸೇವಕಿ, ವಾರಕ್ಕೊಂದು ದಿನ. ಅಡಿಕೆಸಾಲು ಅವರೇ, ನೀವು ಹುಲ್ಲುಹಾಸು ನೋಡಿ ವಾಪಸ್ ಬಂದಿರಿ ಅಂತ ಕಾಣುತ್ತೆ. ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ಇರೋದು ತೋಟದ ಗೋಡೆಯೊಳಗೆ.

ಮನೆ ಇದ್ದ ಜಾಗದಿಂದ ಸ್ವಲ್ಪ ದೂರ ನಡೆದರೆ ಇಟ್ಟಿಗೆ ಗೋಡೆ ಹಾಕಿದ ನಾಲ್ಕು ಎಕರೆ ಜಾಗ. ಅರಮನೆಯ ಊಟದ ಮೇಜಿಗೆ ಬೇಕಾದ ಹಣ್ಣು, ತರಕಾರಿ, ಹೂವು ಎಲ್ಲ ಅಲ್ಲಿ ಬೆಳೆಯುತ್ತಿದ್ದರು. ಗೋಡೆ ಬರೀ ಕಳ್ಳರಿಗೆ, ಮೊಲಕ್ಕೆ ಅಂತ ಅಲ್ಲ. ಇಟ್ಟಿಗೆ ಹಗಲಿನ ಬಿಸಿಲು ಹೀರಿಕೊಂಡು ರಾತ್ರಿ ಬಿಡುತ್ತೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒರಗಿಸಿ ಹಣ್ಣಿನ ಗಿಡ ಕಟ್ಟಿದರೆ ಅದಕ್ಕೆ ಇನ್ನೂರು ಮೈಲಿ ದಕ್ಷಿಣದ ಹವೆ ಸಿಕ್ಕ ಹಾಗೆ. ಬೆಳಗ್ಗೆ ಮಂಜು ಬಿದ್ದ ದಿನ ಅಂಗೈ ಇಟ್ಟು ನೋಡಿದ್ದೀನಿ, ಗೋಡೆ ಬೆಚ್ಚಗೇನೂ ಇರಲ್ಲ, ಆದರೆ ಕೊರೆಯೋದಿಲ್ಲ.

ಒಳಗೆ 450 ಅಡಿ ಉದ್ದದ ಗಾಜಿನ ಮನೆ. ಹೇಮಾವತಿ ಅವರು ಲಾಲ್‌ಬಾಗ್ ಎತ್ತಿದರಲ್ಲ, ಅಲ್ಲಿನ ಗಾಜಿನ ಮನೆಗೆ ಬುನಾದಿ ಬಿದ್ದದ್ದು 1889ರಲ್ಲಿ, ಈ ಚರ್ಚು ಮುಗಿದ ವರ್ಷವೇ. ಲಾಲ್‌ಬಾಗಿನದು ಪ್ರದರ್ಶನಕ್ಕೆ, ಇಲ್ಲಿಯದು ದುಡಿಮೆಗೆ. ದ್ರಾಕ್ಷಿ, ಅಂಜೂರ, ಪೀಚ್. ಹೊರಗೆ ಹಿಮ ಬೀಳುವ ದೇಶದಲ್ಲಿ ಅಂಜೂರ ಹಣ್ಣಾಗಿಸೋದು ಹುಡುಗಾಟ ಅಲ್ಲ.

ನನ್ನ ಜೀವ ಇರೋದು ರುಬಾರ್ಬ್ ಸಾಲಿನಲ್ಲಿ. ನೂರಮೂವತ್ತಕ್ಕೂ ಹೆಚ್ಚು ತಳಿ ಇವೆ ಇಲ್ಲಿ, ಅಡುಗೆ ರುಬಾರ್ಬ್‌ನ ರಾಷ್ಟ್ರೀಯ ಸಂಗ್ರಹ ಅಂತಲೇ ಮಾನ್ಯತೆ ಇದೆ. ಹೊಸಬರಿಗೆ ಹೇಳ್ತೀನಿ: ನೋಡೋಕೆ ಕೆಸುವಿನ ಹಾಗೆ ದೊಡ್ಡ ಎಲೆ, ಎಲೆ ವಿಷ, ದಂಟು ಮಾತ್ರ ತಿನ್ನೋದು. ಚಳಿ ಚೆನ್ನಾಗಿ ತಾಗಿದ ಮೇಲೆ ಗಡ್ಡೆಯ ಮೇಲೆ ಎತ್ತರದ ಮಣ್ಣಿನ ಗಡಿಗೆ ಬೋರಲು ಹಾಕ್ತೀವಿ. ಬೆಳಕು ಇಲ್ಲ, ಗಾಳಿ ಇಲ್ಲ. ಬೆಳಕು ಹುಡುಕಿಕೊಂಡು ದಂಟು ಸರಸರ ಮೇಲಕ್ಕೆ ಬರುತ್ತೆ. ಮೂರ್ನಾಲ್ಕು ವಾರ ಬಿಟ್ಟು ನಾನು ಮೊದಲನೇ ಸಲ ಗಡಿಗೆ ಎತ್ತಿದ ದಿನ ನೆನಪಿದೆ. ಸುತ್ತ ಕಪ್ಪು ಮಣ್ಣು, ಬೋಳು ಮರ, ಬೂದು ಆಕಾಶ. ಗಡಿಗೆಯೊಳಗೆ ಮಾತ್ರ ಎಳೆ ಗುಲಾಬಿ ಬಣ್ಣದ ದಂಟುಗಳು, ತುದಿಯಲ್ಲಿ ಮುಷ್ಟಿ ಕಟ್ಟಿದ ಹಾಗೆ ಮುದುರಿಕೊಂಡ ಹಳದಿ ಎಲೆ. ಕೊಯ್ಯೋದಕ್ಕೆ ಚಾಕು ಹಾಕಬಾರದು. ಬುಡಕ್ಕೆ ಬೆರಳಿಟ್ಟು, ಸ್ವಲ್ಪ ತಿರುಚಿ ಎಳೆಯಬೇಕು. ಬರುವಾಗ ಲೊಟಕ್ ಅಂತ ಒಂದು ಸದ್ದು. ನನಗೆ ಅವತ್ತು ಹಸು ಕರು ಹಾಕಿದ ಬೆಳಗ್ಗೆ ಕೊಟ್ಟಿಗೆಗೆ ಹೋದ ಹಾಗಾಯ್ತು.

ಅಂಗಳ ಗುಡಿಸೋದು ಯಾರಿಗೆ ಅಂತ ಅಮ್ಮ ಕೇಳಿದರಲ್ಲ. ಡ್ಯೂಕ್ ಇದ್ದಾಗಲೂ ಅವರು ಇಲ್ಲಿ ಗುದ್ದಲಿ ಹಿಡಿದವರಲ್ಲ. ತೋಟ ಆವತ್ತೂ ತೋಟದವರ ಕೈಯಲ್ಲಿತ್ತು, ಇವತ್ತೂ ಅಷ್ಟೇ. ಅವರು ಬಳಸಿದ ಹಳೆ ಹತ್ಯಾರಗಳನ್ನು ಒಂದು ಕಡೆ ಜೋಡಿಸಿ ಇಟ್ಟಿದ್ದಾರೆ. ಹಿಡಿಯ ಮರ ಬೆರಳು ಕೂರುವಲ್ಲಿ ಸವೆದು ತಗ್ಗಾಗಿದೆ. ಅದರ ಪಕ್ಕ ನನ್ನ ಕೈ ಇಟ್ಟು ನೋಡಿದೆ, ಸವೆದ ಜಾಗ ನನ್ನ ಬೆರಳಿಗೂ ಹೊಂದುತ್ತೆ.

ಘಟಪ್ರಭಾ, ಡಾರ್ಬಿ

ಅಕ್ಕಾರ, ರುಬಾರ್ಬ್ ಅಂದ್ರ ನಮ್ಮ ಮನಿಯೊಳಗ ಪುಂಡಿಪಲ್ಯಾದ ಬದಲಿ! ಇಲ್ಲಿ ಪುಂಡಿ ಸಿಗೂದಿಲ್ಲ. ದಂಟು ಸಣ್ಣಗ ಹೆಚ್ಚಿ, ಜ್ವಾಳದ ನುಚ್ಚು, ಬ್ಯಾಳಿ, ಹಸಿ ಮೆಣಸಿನಕಾಯಿ ಹಾಕಿ ಕುದಿಸಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ. ಹುಳಿ ಥೇಟ್ ಹಂಗಽ ಬರತೈತಿ. ರೊಟ್ಟಿ ಜೋಡಿ ತಿಂದು ನೋಡ್ರಿ.

ಹೇಮಾವತಿ

ನಾನು ಗೊಜ್ಜು ಮಾಡ್ತೀನಿ, ಬೆಲ್ಲ ಸ್ವಲ್ಪ ಮುಂದೆ. ಎಲೆ ಮಾತ್ರ ಯಾರೂ ಸೊಪ್ಪು ಅಂದುಕೊಂಡು ಹಾಕಬೇಡಿ, ಗುದ್ದಲಿಯಕ್ಕ ಹೇಳಿದ್ದು ನಿಜ.

ಗುದ್ದಲಿ

ಅಂದ ಹಾಗೆ ಕಪ್ಪು ಪಟ್ಟಿಯ ವಿಷಯ ಬಿಟ್ಟೇ ಹೋಯ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಈ ಸಾಲಿಗೆ ಹುಳದ ಕಾಟ ಜೋರಾಗಿತ್ತು. ವಿಂಟರ್ ಮಾತ್ ಅಂತ ಒಂದು ಪತಂಗ ಇದೆ. ಅದರ ಹೆಣ್ಣಿಗೆ ಹಾರುವಷ್ಟು ರೆಕ್ಕೆ ಇರಲ್ಲ. ಚಳಿಗಾಲದಲ್ಲಿ ಮಣ್ಣಿನಿಂದ ಎದ್ದು, ಕಾಂಡ ಹತ್ತಿಕೊಂಡೇ ಮೇಲೆ ಹೋಗಿ ಮೊಟ್ಟೆ ಇಡಬೇಕು. ಹಾಗಾಗಿ ಕಾಂಡದ ಸುತ್ತ ಅಂಟಿನ ಗ್ರೀಸ್ ಬಳಿದರು. ಆ ಪಟ್ಟಿಯ ಗುರುತು ನೂರು ವರ್ಷ ದಾಟಿದರೂ ತೊಗಟೆಯ ಮೇಲಿದೆ. ಒಟ್ಟು 1,296 ಮರ ನೆಟ್ಟ ಸಾಲು, 1840ರ ಸುಮಾರಿನದು. ಪ್ರತಿಯೊಂದಕ್ಕೂ ಯಾರೋ ಸುತ್ತು ಹಾಕಿ ಬಳಿದಿರಬೇಕು ಅಂತ ನೆನೆಸಿಕೊಂಡರೆ ನನ್ನ ತೋಳು ನೋಯುತ್ತೆ.

ಅಡಿಕೆಸಾಲು, ಶೆಫೀಲ್ಡ್

ಅಪ್ಪನ ಮುಖ ನೋಡಬೇಕಿತ್ತು ನೀವು. "ಹಾಗೆ ಹೇಳು ಮತ್ತೆ!" ಅಂದರು. ನಮ್ಮಲ್ಲಿ ಮಾವಿಗೆ ಹಿಟ್ಟುತಿಗಣೆ ಹತ್ತದ ಹಾಗೆ ಕಾಂಡಕ್ಕೆ ಅಂಟುಪಟ್ಟಿ ಕಟ್ಟೋದು ಇದೇ ಲೆಕ್ಕವಂತೆ. ಎಳೆ ಅಡಿಕೆ ಮರಕ್ಕೆ ಪಡುವಣ ಬಿಸಿಲು ಹೊಡೆಯದ ಹಾಗೆ ಸುಣ್ಣ ಬಳಿಯೋದನ್ನೂ ಅಪ್ಪ ನೆನೆಸಿಕೊಂಡರು. ಅಷ್ಟು ಹೊತ್ತು ಅದು ಇಂಗ್ಲೆಂಡಿನ ಮರವಾಗಿತ್ತು, ಆಮೇಲೆ ಅಲ್ಲ.

ಘಟಪ್ರಭಾ, ಡಾರ್ಬಿ

ಇನ್ನೊಂದು ಮಾತ ಹೇಳತೀನಿ, ಇದು ನಮ್ಮ ಕೃಷ್ಣಾ ದಂಡಿಗೆ ಸಂಬಂಧ ಪಟ್ಟದ್ದು. ಎಂಟನೇ ಡ್ಯೂಕ್ ಆದಾಂವಾ ಮೊದಲ ಲಾರ್ಡ್ ಫ್ರಾನ್ಸಿಸ್ ಹೋಪ್ ಅಂತ ಇದ್ದ. ಹೋಪ್ ವಜ್ರ ಕೇಳೀರಲ್ಲ, 45.52 ಕ್ಯಾರೆಟ್, ನೀಲಿ ಬಣ್ಣದ್ದು? ಅದು ತಾಯಿ ಕಡೆಯಿಂದ ಅವನ ಕೈಗೆ ಬಂದಿತ್ತು. ಸಾಲ ಮೈಮ್ಯಾಲ ಬಂದು 1901ರಾಗ ಮಾರಿದ. ಆ ವಜ್ರ ಮೂಲದಾಗ ಗೋಲ್ಕೊಂಡ ಸೀಮಿ ಕೊಲ್ಲೂರು ಗಣಿದು ಅಂತ ತಿಳಿದವರು ಹೇಳತಾರ. ಮೂಕಾಂಬಿಕಾ ಕೊಲ್ಲೂರು ಅಲ್ಲ, ಆಂಧ್ರದಾಗ ಕೃಷ್ಣಾ ದಂಡಿ ಮ್ಯಾಲಿಂದು. ನಮ್ಮ ಹೊಳಿ ಕೆಳಗ ಹರದು ಹೋಗೂ ಊರು. ಈಗ ವಜ್ರ ಅಮೆರಿಕಾದ ಸ್ಮಿತ್ಸೋನಿಯನ್ ಸಂಗ್ರಹಾಲಯದಾಗ ಐತಿ. ವಜ್ರ ಹೋತು, ಅರಮನಿ ಹೋತು, ಮರ ಉಳದಾವ.

ಉರಿಗಾಂ

ಆ ಗಣಿಯಲ್ಲಿ ಅಗೆದವರ ಹೆಸರು ಯಾವ ಸಂಗ್ರಹಾಲಯದಲ್ಲೂ ಇಲ್ಲ, ಅಣ್ಣ.

ಘಟಪ್ರಭಾ, ಡಾರ್ಬಿ

ಖರೇ ಅದ ತಮ್ಮಾ.

ಕುಂಬಾರಕೇರಿ, ಸ್ಟೋಕ್

ನಮ್ಮೂರ ಪಕ್ಕದಲ್ಲೇ ಟ್ರೆಂಥಮ್ ಇದೆ, ಅಲ್ಲೂ ಇದೇ ಕತೆ. ಸದರ್ಲೆಂಡ್ ಡ್ಯೂಕರ ಮನೆ. ಕೆರೆಗೆ ರೂಪ ಕೊಟ್ಟದ್ದು ಕೇಪಬಿಲಿಟಿ ಬ್ರೌನ್ ಅನ್ನೋ ಉದ್ಯಾನ ವಿನ್ಯಾಸಕ, ಇಟಲಿ ಮಾದರಿಯ ತೋಟ ಹಿರಿಯ ಚಾರ್ಲ್ಸ್ ಬ್ಯಾರಿಯವರದು. ಕ್ಲಂಬರ್ ಮತ್ತೆ ಕಟ್ಟಿದ ಬ್ಯಾರಿಯ ತಂದೆ ಅವರು. ತಂದೆ ಕಟ್ಟಿದ ಮನೆ 1912ಕ್ಕೆ ನೆಲಸಮ, ಮಗ ಕಟ್ಟಿದ್ದು 1938ಕ್ಕೆ.

ಟ್ರೆಂಥಮ್ ಬಿಟ್ಟುಹೋಗೋಕೆ ಇನ್ನೊಂದು ಕಾರಣವೂ ಇತ್ತು, ನಾತ. ಪಿಂಗಾಣಿ ಕಾರ್ಖಾನೆ ಊರುಗಳ ಕೊಳಕು ನೀರೆಲ್ಲ ಟ್ರೆಂಟ್ ನದಿಗೆ ಬಂದು ಮನೆ ಮುಂದೆ ಹರಿಯುತ್ತಿತ್ತು. ಈಗ ನೀರು ಸುಧಾರಿಸಿದೆ. ಎರಡು ಸಾವಿರದ ದಶಕದಲ್ಲಿ ಟಾಮ್ ಸ್ಟುವರ್ಟ್-ಸ್ಮಿತ್ ಮತ್ತು ಪೀಟ್ ಔಡಾಲ್ಫ್ ಅನ್ನೋ ತೋಟ ವಿನ್ಯಾಸಕರು ಹಳೆ ಪಾತಿಗಳ ಚೌಕಟ್ಟು ಉಳಿಸಿಕೊಂಡು ಒಳಗೆಲ್ಲ ಹೊಸ ಗಿಡ ತುಂಬಿದರು. ಹುಲ್ಲಿನ ಜಾತಿಯ ಗಿಡಗಳು, ಸೆಪ್ಟೆಂಬರಿನಲ್ಲಿ ರಾಗಿ ಹೊಲದ ಮೇಲೆ ಗಾಳಿ ಬೀಸಿದ ಹಾಗೆ ಕಾಣುತ್ತೆ. ನನಗೆ ಅದು ಕ್ಲಂಬರಿಗಿಂತ ಇಷ್ಟ. ಸತ್ತದ್ದನ್ನು ಸತ್ತ ಹಾಗೇ ಇಟ್ಟುಕೊಂಡು ಕೂರಲಿಲ್ಲ ಅವರು. ಕ್ಲಂಬರಿನ ಹುಲ್ಲುಹಾಸಿನ ಮೇಲೂ ಅಂಥದೇನಾದರೂ ನೆಡಬಹುದಲ್ಲ?

ಕಲ್ಲುಗಾರೆ, ಲೀಡ್ಸ್

ಆ ಹುಲ್ಲುಹಾಸಿನ ಮೇಲೆ ಪಾತಿ ಮಾಡಿದರೆ ಬುನಾದಿಗೆ ಬೇರು ಹೋಗುತ್ತೆ, ಬೇಸಿಗೆಯಲ್ಲಿ ಗೆರೆ ಮೂಡೋದೂ ನಿಲ್ಲುತ್ತೆ. ಘಟಪ್ರಭಾ ಅವರು ಕಂಡದ್ದು ಇನ್ನು ಯಾರಿಗೂ ಕಾಣಲ್ಲ. ಹುಲ್ಲೇ ಇರಲಿ.

ಗುದ್ದಲಿ

ನಾನೂ ಕಲ್ಲುಗಾರೆ ಅವರ ಪಕ್ಷ. ಆದರೆ ಲೈಮ್ ಸಾಲಿನ ವಿಷಯಕ್ಕೆ ಬಂದರೆ ನನ್ನೊಳಗೇ ಎರಡು ಮನಸ್ಸಿದೆ. ಸಾಲು ಒಟ್ಟಿಗೆ ನೆಟ್ಟದ್ದು, ಮರಗಳಿಗೆ ಒಟ್ಟಿಗೆ ವಯಸ್ಸಾಗ್ತಿದೆ. ಗಾಳಿಗೆ ಒಂದು ಬಿದ್ದರೆ ಆ ಜಾಗಕ್ಕೆ ಸಸಿ ಹಾಕಬಹುದು, ಆದರೆ ಅಕ್ಕಪಕ್ಕದ ದೊಡ್ಡ ಮರಗಳ ನೆರಳಲ್ಲಿ ಸಸಿ ಸೊರಗುತ್ತೆ, ಸಾಲಿನ ಎತ್ತರ ಕೆಡುತ್ತೆ. ಇಲ್ಲ, ಒಂದು ಭಾಗ ಪೂರ್ತಿ ಕಡಿದು ಹೊಸದಾಗಿ ನೆಟ್ಟರೆ ಸಾಲು ಸಮ ಬರುತ್ತೆ, ಆದರೆ ನೂರೆಂಬತ್ತು ವರ್ಷದ ಜೀವಂತ ಮರಕ್ಕೆ ಗರಗಸ ಹಾಕಬೇಕು. ಅದರ ಪೊಟರೆಯಲ್ಲಿ ಬಾವಲಿ, ಗೂಬೆ ಇರ್ತವೆ. ನಿಮ್ಮ ತಂದೆಯವರು ಏನಂತಾರೆ ಕೇಳಿ ಅಡಿಕೆಸಾಲು ಅವರೇ. ತೋಟದವರ ಮಾತು ಬೇಕು ನನಗೆ.

ಅಡಿಕೆಸಾಲು, ಶೆಫೀಲ್ಡ್

ಕೇಳಿದೆ. ಬಾಯಲ್ಲಿ ಹೇಳಲಿಲ್ಲ ಅವರು, ಇನ್ನೊಂದು ಸಲ ಕರೆದುಕೊಂಡು ಹೋಗು ಅಂದರು. ನಿನ್ನೆ ಹೋಗಿಬಂದೆವು.

ಈ ಸಲ ಕಾರು ಬಿಟ್ಟು ಸಾಲಿನ ಒಳಗೇ ನಡೆದೆವು. ಎರಡು ಸಾಲಿನ ನಡುವೆ ನಡೆದರೆ ರಸ್ತೆ ಮರೆಯಾಗುತ್ತೆ, ಮೇಲೆ ಕೊಂಬೆ ಕೂಡಿಕೊಂಡು ಹಸಿರು ಚಪ್ಪರ. ಅಪ್ಪ ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬುಡದ ಚಿಗುರು ಸರಿಸಿ, ಮಣ್ಣು ಹಿಡಿದು ಮೂಸಿ ನೋಡಿದರು. ಕಪ್ಪು ಪಟ್ಟಿಯ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿದರು, ಏನೂ ಬರಲಿಲ್ಲ. ಸಸಿ ಹಾಕಿದ ಜಾಗಕ್ಕೆ ಬಂದಾಗ ಅದರ ಪಕ್ಕ ಬಹಳ ಹೊತ್ತು ನಿಂತರು. ಆಮೇಲೆ ಹೇಳಿದ್ದು ಇದು: ನಮ್ಮಲ್ಲಿ ಹಳೆ ತೋಟ ಕಡಿಯೋ ಮೊದಲು ಮರಗಳ ಮಧ್ಯೆ ಎಡೆಸಸಿ ಹಾಕ್ತೀವಿ, ಸಸಿ ಹಿಡಿಯಿತು ಅಂತ ಗೊತ್ತಾದ ಮೇಲೇ ಹಳೆಯದನ್ನು ಒಂದೊಂದಾಗಿ ತೆಗೆಯೋದು. ಇಲ್ಲಿ ಒಳಗಿನ ಸಾಲು ಬಿಟ್ಟು ಹೊರಗಿನ ಸಾಲಿನಲ್ಲಿ ಮೊದಲು ಶುರು ಮಾಡಬಹುದು, ಬಿಸಿಲು ಆ ಕಡೆಯಿಂದ ಸಿಗುತ್ತೆ. ಅವಸರ ಮಾಡಿದರೆ ಎರಡೂ ಹೋಗುತ್ತೆ.

ಅಮ್ಮನನ್ನು ತರಕಾರಿ ತೋಟಕ್ಕೂ ಕರೆದುಕೊಂಡು ಹೋದೆ. ಗಡಿಗೆಗಳನ್ನೆಲ್ಲ ತೆಗೆದು ಪಕ್ಕಕ್ಕೆ ಇಟ್ಟಿದ್ದರು, ರುಬಾರ್ಬ್ ಎಲೆ ಛತ್ರಿಯಷ್ಟಾಗಿತ್ತು. ಅಮ್ಮ ಗಾಜಿನ ಮನೆಯ ಬಾಗಿಲಲ್ಲಿ ನಿಂತು, ಅಂಜೂರದ ಗಿಡಕ್ಕೆ ನೀರು ಹಾಕುತ್ತಿದ್ದ ಒಬ್ಬ ವಯಸ್ಸಾದ ಹೆಂಗಸನ್ನು ನೋಡ್ತಾ ಇದ್ದರು. ಭಾಷೆ ಬರಲ್ಲ, ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು. ಅಮ್ಮ ಒಂದು ಒಣಗಿದ ಎಲೆ ಕಿತ್ತು ಕೊಟ್ಟರು, ಆಕೆ ತೆಗೆದುಕೊಂಡು ಬುಟ್ಟಿಗೆ ಹಾಕಿದರು. ಗುದ್ದಲಿಯಕ್ಕ, ಅದು ನೀವೇ ಇರಬಹುದಾ ಅಂತ ಕೇಳೋಣ ಅಂದುಕೊಂಡೆ, ಧೈರ್ಯ ಆಗಲಿಲ್ಲ.

ಗುದ್ದಲಿ

ನಾನಲ್ಲ, ನನ್ನ ದಿನ ಗುರುವಾರ. ಆದರೆ ಆಕೆ ಯಾರು ಅಂತ ಗೊತ್ತಾಯ್ತು, ನಿಮ್ಮ ಅಮ್ಮನ ವಿಷಯ ಹೇಳ್ತೀನಿ. ತಂದೆಯವರ ಎಡೆಸಸಿ ಮಾತನ್ನು ತೋಟದ ಮುಖ್ಯಸ್ಥರಿಗೆ ಇಂಗ್ಲಿಷಿನಲ್ಲಿ ಬರೆದು ಕೊಡ್ತೀನಿ, ನೀವು ಒಪ್ಪಿದರೆ.

ಅವರು ಊರಿಗೆ ಹೊರಡೋದು ಯಾವಾಗ? ಜುಲೈ ಮೊದಲ ವಾರದವರೆಗೆ ಇದ್ದರೆ ಒಂದು ಗುರುವಾರ ಬನ್ನಿ. ಆಗ ಲೈಮ್ ಹೂ ಬಿಟ್ಟಿರುತ್ತೆ. ಹೂ ಕಣ್ಣಿಗೆ ಬೀಳೋದೇ ಕಷ್ಟ, ತಿಳಿ ಹಳದಿ, ಎಲೆಯ ಕೆಳಗೆ ಅಡಗಿರುತ್ತೆ. ಆದರೆ ಸಾಲಿನ ಕೆಳಗೆ ನಿಂತರೆ ಎರಡು ಮೈಲಿ ಉದ್ದಕ್ಕೂ ಜೇನಿನ ಸದ್ದು. ಕಾರನ್ನು ಮಾತ್ರ ಮರದ ಕೆಳಗೆ ನಿಲ್ಲಿಸಬೇಡಿ, ಗಿಡಹೇನು ಸುರಿಸುವ ಸಿಹಿ ಅಂಟು ಗಾಜಿಗೆಲ್ಲ ಮೆತ್ತಿಕೊಳ್ಳುತ್ತೆ.

ಅಡಿಕೆಸಾಲು, ಶೆಫೀಲ್ಡ್

ಜುಲೈ 9ಕ್ಕೆ ಟಿಕೆಟ್ ಇದೆ. ಅದರ ಹಿಂದಿನ ಗುರುವಾರ ಬರ್ತೀವಿ. ಅಮ್ಮ ಬುತ್ತಿ ತರ್ತಾರಂತೆ, ನಿಮಗೂ ಸೇರಿಸಿ.

ಘಟಪ್ರಭಾ, ಡಾರ್ಬಿ

ರೊಟ್ಟಿ ನಂದು.